ಪುಟ್ಟ ಕೈಗಳ ಥ್ಯಾಂಕ್ಯೂ ಕಾರ್ಡ್: ಬಹರೈನ್ ಕನ್ನಡಿಗರಿಗೆ ಎಂಟು ಸೂತ್ರಗಳು

ಜುಲೈ, ಆಗಸ್ಟ್ ಬಂತೆಂದರೆ ಬಹರೈನ್‌ನಲ್ಲಿ ಶಾಲೆಗಳಿಗೆ ರಜೆ. ಹೊರಗೆ ಕಾಲಿಡಲಾಗದ ಬಿಸಿಲು, ಒಳಗೆ ಎಸಿ, ಮಕ್ಕಳ ಕೈಯಲ್ಲಿ ಟ್ಯಾಬ್. ಕಾರ್ಡ್ ಮಾಡಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ರಜೆ ಮುಗಿದ ಬೆನ್ನಿಗೇ ಸೆಪ್ಟೆಂಬರ್ 5, ಶಿಕ್ಷಕರ ದಿನ.

1. ಮೊದಲು ಮನುಷ್ಯರು, ಆಮೇಲೆ ಕಾಗದ. "ನಿಂಗೆ ಯಾರು ಸಹಾಯ ಮಾಡಿದ್ರು ಪುಟ್ಟಾ?" ಎಂದು ಕೇಳಿ. ಟೀಚರ್ ಹೆಸರು ತಾನಾಗಿ ಬರುತ್ತದೆ. ಉಳಿದವರನ್ನು ನೀವೇ ನೆನಪಿಸಬೇಕು: ಶಾಲೆಯ ಬಸ್ಸಿನ ಡ್ರೈವರ್, ಬಿಲ್ಡಿಂಗಿನ ವಾಚ್‌ಮನ್, ಕೋಲ್ಡ್ ಸ್ಟೋರ್‌ನಿಂದ ನೀರಿನ ಕ್ಯಾನ್ ಹೊತ್ತು ಮೂರನೇ ಮಹಡಿ ಹತ್ತುವ ಅಣ್ಣ. ಬೇಸಿಗೆಯ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ಸರ್ಕಾರವೇ ನಿಷೇಧ ಹೇರುತ್ತದೆ. ಬಿಸಿಲು ಅಂಥದ್ದು. ಆ ಬಿಸಿಲಿನಲ್ಲಿ ನಮ್ಮ ಬಾಗಿಲಿಗೆ ಬರುವವರಲ್ಲಿ ಅನೇಕರು ತಮ್ಮ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. ಮೊದಲ ಕಾರ್ಡ್ ಅವರಿಗೇ ಸಲ್ಲಲಿ.

2. ಯಾತಕ್ಕೆ ಎಂದು ಬರೆಯಿರಿ. ಬರೀ "ಧನ್ಯವಾದ" ಸಾಲದು. "ನಾನು ಬಸ್ಸಲ್ಲಿ ನಿದ್ದೆ ಮಾಡಿದಾಗ ಎಬ್ಬಿಸಿದ್ದಕ್ಕೆ ಥ್ಯಾಂಕ್ಯೂ ಅಂಕಲ್" ಎಂದು ಮಗು ಹೇಳಿದರೆ ಅದನ್ನೇ ಇಳಿಸಿ. ಒಂದು ಪದವನ್ನೂ ತಿದ್ದಬೇಡಿ.

3. ವಯಸ್ಸು ನೋಡಿ ಕೆಲಸ ಕೊಡಿ. ಎರಡು-ಮೂರು ವರ್ಷದವರಿಗೆ ಅಂಗೈ ಅಚ್ಚು ಸಾಕು. ಬಾಯಿಗೆ ಹಾಕಿಕೊಳ್ಳುವ ವಯಸ್ಸು, ಮಣಿ, ಗುಂಡಿ ಹತ್ತಿರ ಇಡಬೇಡಿ. ನಾಲ್ಕೈದು ವರ್ಷಕ್ಕೆ ಮೊಂಡು ತುದಿಯ ಕತ್ತರಿ, ಅಂಟು. ಆರಕ್ಕೆ ಅಕ್ಷರ.

4. ಸಾಮಾನು ಅಡುಗೆಮನೆಯಲ್ಲೇ ಇದೆ. ಬೆಂಡೆಕಾಯಿ ಅಡ್ಡ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವು. ಮೈದಾ ಬೇಯಿಸಿದರೆ ಅಂಟು. ಎಲ್ಲಕ್ಕಿಂತ ಮಕ್ಕಳನ್ನು ಹಿಡಿದಿಡುವುದು ಅರಿಶಿನ. ನೀರಲ್ಲಿ ಕಲಸಿ ದಪ್ಪ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಅಡುಗೆ ಸೋಡಾ ಕರಗಿಸಿದ ನೀರಿಗೆ ಹತ್ತಿಕಡ್ಡಿ ಅದ್ದಿ ಮಗುವಿನ ಕೈಗೆ ಕೊಡಿ. ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ! ಆರತಿಯ ಓಕುಳಿಗೆ ಸುಣ್ಣ ಬೆರೆಸಿದಾಗ ಕೆಂಪಾಗುವುದೂ ಹೀಗೆಯೇ: ಕ್ಷಾರ ತಾಗಿದರೆ ಅರಿಶಿನದಲ್ಲಿರುವ ಕರ್ಕ್ಯುಮಿನ್ ಬಣ್ಣ ಬದಲಿಸುತ್ತದೆ. ಅಜ್ಜಿಯ ಓಕುಳಿ ತಟ್ಟೆಯ ಕಥೆಯನ್ನೂ ಜೊತೆಗೇ ಹೇಳಿಬಿಡಿ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ, ಕಾರ್ಡನ್ನು ಕಿಟಕಿಯ ಬಳಿ ಇಡಬೇಡಿ.

5. ಅರಬ್ಬಿ ನೆರೆಯವರಿಗಾದರೆ ಕಾರ್ಡನ್ನು ತಿರುವಿ ಮಡಚಿ. ಅರಬ್ಬಿ ಬಲದಿಂದ ಎಡಕ್ಕೆ ಓದುವ ಲಿಪಿ, ಹಾಗಾಗಿ ಮಡಿಕೆ ಬಲಕ್ಕಿರಲಿ. ಶಾಲೆಯಲ್ಲಿ ಅರಬ್ಬಿ ಕಲಿಯುವ ದೊಡ್ಡ ಮಗು "ಶುಕ್ರನ್" ಬರೆದರೆ, ಚಿಕ್ಕದು ಚಿತ್ರ ಬಿಡಿಸಲಿ. ರಂಜಾನ್ ತಿಂಗಳ ನಡುವೆ ಗರ್ಗಾಊನ್ ರಾತ್ರಿ ನಿಮ್ಮ ಮಗುವಿನ ಚೀಲಕ್ಕೂ ಮಿಠಾಯಿ, ಬಾದಾಮಿ ಸುರಿದ ಮನೆಗೆ ಮರುದಿನವೇ ಕಾರ್ಡ್ ಹೋಗಲಿ. ಡಿಸೆಂಬರ್ 16ರ ರಾಷ್ಟ್ರೀಯ ದಿನಕ್ಕೆ ಕೆಂಪು ಕಾಗದದ ಎಡ ಅಂಚಿಗೆ ಬಿಳಿ ಪಟ್ಟಿ, ಅದಕ್ಕೆ ತಾಗಿಸಿ ಐದು ಬಿಳಿ ತ್ರಿಕೋನ ಅಂಟಿಸಿದರೆ ಈ ನಾಡಿನ ಬಾವುಟವೇ ಸಿದ್ಧ. ಆ ಐದು ಮೊನೆಗಳು ಇಸ್ಲಾಮಿನ ಐದು ಸ್ತಂಭಗಳ ಸಂಕೇತ ಎಂಬುದು ಮಗುವಿಗೂ ತಿಳಿಯಲಿ.

6. ಊರಿಗೆ ಹೋಗುವ ಕಾರ್ಡಿನಲ್ಲಿ ಮನೆಮಾತೇ ಇರಲಿ. ಕನ್ನಡವೋ ತುಳುವೋ ಕೊಂಕಣಿಯೋ ಬ್ಯಾರಿಯೋ, ಬರೆಯುವುದು ಕನ್ನಡ ಲಿಪಿಯಲ್ಲಿ. ಹಪ್ಪಳ, ಉಪ್ಪಿನಕಾಯಿ ಕಟ್ಟಿ ಕಳಿಸಿದ ಅಜ್ಜಿಗೆ ಮೊಮ್ಮಗಳ ವಕ್ರ ಅಕ್ಷರದ ನಾಲ್ಕು ಪದ ತಲುಪಲಿ. ಗಲ್ಫಿನಲ್ಲಿ ಹುಟ್ಟಿದ ಮಗು ಕನ್ನಡ ಬರೆಯಲು ಇದಕ್ಕಿಂತ ಗಟ್ಟಿಯಾದ ಕಾರಣ ನನಗಂತೂ ಕಾಣದು. ರಜೆಗೆ ಊರಿಗೆ ಹೊರಟವರ ಕೈಯಲ್ಲಿ ಕೊಟ್ಟರೆ ಆಯಿತು.

7. ಕೈ ಕಟ್ಟಿ ಕುಳಿತುಕೊಳ್ಳಿ. ಅಪ್ಪ-ಅಮ್ಮ "ಸರಿ" ಮಾಡಿದ ಕಾರ್ಡ್ ಅಪ್ಪ-ಅಮ್ಮನದು. ತಲೆಕೆಳಗಾದ 'ಧ' ಹಾಗೇ ಇರಲಿ. ಹದಿನೈದು ನಿಮಿಷಕ್ಕೆ ಮಗು ಎದ್ದು ಓಡಿದರೆ ಓಡಲಿ, ಉಳಿದದ್ದು ನಾಳೆಗೆ.

8. ಮಗುವೇ ಕೈಯಾರೆ ಕೊಡಲಿ. ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮುಗಿಸಬೇಡಿ. ಬಾಗಿಲು ತೆರೆದು, ಕಣ್ಣು ನೋಡಿ, ಎರಡೂ ಕೈಯಲ್ಲಿ ಹಿಡಿದು ಕೊಡುವುದನ್ನು ಕಲಿಸಿ. ಇವತ್ತು ಸಂಜೆ ನೀರಿನ ಕ್ಯಾನ್ ಬರುವುದಿದ್ದರೆ, ಅಷ್ಟರೊಳಗೆ ಒಂದು ಕಾರ್ಡ್ ಮಾಡಿಸಿಡಿ.