ಮಕ್ಕಳ ಸ್ವಭಾವವೂ ಬುದ್ಧಿಯೂ

ನಮ್ಮ ಬೈಕುಲ್ಲಾದ ರಾಣಿಬಾಗಿನಲ್ಲಿ 2017ರಲ್ಲಿ ಪೆಂಗ್ವಿನ್ ಹಕ್ಕಿಗಳ ಮನೆ ಜನರಿಗೆ ತೆರೆಯಿತಷ್ಟೆ. ಅಲ್ಲಿಯ ಗಾಜಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಮಕ್ಕಳ ಸ್ವಭಾವದ ಪಾಠ ತಾನಾಗಿ ಆಗುತ್ತದೆ. ಒಂದು ಮಗು ಓಡಿಹೋಗಿ ಗಾಜಿಗೆ ಮೂಗೊತ್ತುತ್ತದೆ. ಇನ್ನೊಂದು ತಾಯಿಯ ಸೆರಗು ಬಿಡದೆ ದೂರದಿಂದಲೇ ನೋಡುತ್ತದೆ. ಈ ಎರಡನೆಯದನ್ನು ನಾವು ಬಹುಬೇಗ ‘ಮಂಕು’ ಎಂದುಬಿಡುತ್ತೇವೆ. ಆ ಮಾತು ಎಷ್ಟು ಸರಿ ಎಂಬುದನ್ನು ಇಲ್ಲಿ ವಿಚಾರಿಸೋಣ.

ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್, ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿಗಳು 1956ರಿಂದ ಹಲವು ಶಿಶುಗಳನ್ನು ವರ್ಷಾನುವರ್ಷ ಗಮನಿಸಿದರು. ನೂರಕ್ಕೆ ಸುಮಾರು 40 ಮಕ್ಕಳು ಸಲೀಸು ಸ್ವಭಾವದವರು, 10 ಸಂಭಾಳಿಸಲು ಕಷ್ಟದವರು, 15 ಹೊಸದಕ್ಕೆ ಮೆಲ್ಲನೆ ಒಗ್ಗುವವರು. ಉಳಿದವರು ಯಾವ ಗುಂಪಿಗೂ ಪೂರ್ತಿ ಸೇರರು. ಸೆರಗು ಹಿಡಿದ ಮಗು ಪ್ರಾಯಶಃ ಆ 15ರಲ್ಲಿ ಒಂದು. ಒಗ್ಗಲು ನಿಧಾನವೆಂದರೆ ತಿಳಿಯಲು ನಿಧಾನವೆಂದಲ್ಲ.

ಇನ್ನು ಬುದ್ಧಿಯ ಮಾತು. ಒಂದು ನಿಯಮವನ್ನು ಬಿಟ್ಟು ಮತ್ತೊಂದಕ್ಕೆ ಹೊರಳುವ ಶಕ್ತಿಯನ್ನು ಫಿಲಿಪ್ ಜೆಲಾಜೊ ಎಂಬ ಮನಶ್ಶಾಸ್ತ್ರಜ್ಞರು ಚೀಟಿಯಾಟದಿಂದ ಪರೀಕ್ಷಿಸಿದರು. ಎರಡು ಡಬ್ಬಿಗಳು, ಒಂದರ ಮೇಲೆ ಕೆಂಪು ಮೊಲದ ಚಿತ್ರ, ಇನ್ನೊಂದರ ಮೇಲೆ ನೀಲಿ ದೋಣಿ. ಮಗುವಿನ ಕೈಗೆ ನೀಲಿ ಮೊಲದ, ಕೆಂಪು ದೋಣಿಯ ಚೀಟಿಗಳು. ಮೊದಲು ‘ಬಣ್ಣ ನೋಡಿ ಹಾಕು’ ಎನ್ನಬೇಕು. ಆಗ ನೀಲಿ ಮೊಲ ದೋಣಿಯ ಡಬ್ಬಿಗೆ ಹೋಗುತ್ತದೆ. ಆಮೇಲೆ ‘ಬಣ್ಣ ಬೇಡ, ಆಕಾರ ನೋಡು’ ಎನ್ನಬೇಕು. ಐದು ವರ್ಷದವರು ಬಹುಮಟ್ಟಿಗೆ ಹೊರಳುತ್ತಾರೆ. ಮೂರು ವರ್ಷದವರಲ್ಲಿ ಅನೇಕರು ಬಣ್ಣವನ್ನೇ ಹಿಡಿದು ಕೂರುತ್ತಾರೆ. ಸ್ವಾರಸ್ಯವೆಂದರೆ, ‘ಈಗ ಮೊಲ ಎಲ್ಲಿಗೆ ಹೋಗಬೇಕು?’ ಎಂದು ಕೇಳಿದರೆ ಸರಿಯಾದ ಡಬ್ಬಿಯನ್ನೇ ತೋರಿಸುತ್ತಾರೆ. ಮರುಕ್ಷಣ ಚೀಟಿಯನ್ನು ಹಳೆಯ ಡಬ್ಬಿಗೇ ಹಾಕುತ್ತಾರೆ! ತಿಳಿದಿದೆ, ಆದರೆ ಕೈ ಕೇಳದು. (ದೊಡ್ಡವರಲ್ಲಿಯೂ ಈ ರೋಗ ಇಲ್ಲದಿಲ್ಲ.)

ಕಾರಣ ಹಣೆಯ ಹಿಂದಿದೆ. ಮಿದುಳಿನ ಮುಂಭಾಗ ಬಲಿಯುವುದು ಬಹಳ ತಡ. ಜಪಾನಿನ ಮೊರಿಗುಚಿ ಮತ್ತು ಹಿರಾಕಿ ಎಂಬವರು ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಮಕ್ಕಳ ಹಣೆಗೆ ಹಾಯಿಸಿ, ಅಲ್ಲಿಯ ರಕ್ತದಲ್ಲಿ ಆಮ್ಲಜನಕದ ಏರಿಳಿತವನ್ನು ನೋಡಿದರು. 2009ರಲ್ಲಿ ಅವರು ಪ್ರಕಟಿಸಿದಂತೆ, ಹೊರಳಬಲ್ಲ ಮಕ್ಕಳಲ್ಲಿ ಆ ಭಾಗ ಚುರುಕಾಯಿತು; ಹಳೆಯ ನಿಯಮಕ್ಕೆ ಅಂಟಿಕೊಂಡ ಮೂರು ವರ್ಷದವರಲ್ಲಿ ಹಾಗಾಗಲಿಲ್ಲ.

ಸ್ವಭಾವಕ್ಕೂ ಇದಕ್ಕೂ ನಂಟಿಲ್ಲವೆ? ಉಂಟು, ಆದರೆ ನಾವೆಣಿಸುವ ಜಾಗದಲ್ಲಲ್ಲ. ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿಯನ್ನು ಮೇರಿ ರೋತ್‌ಬಾರ್ಟ್ ಎಂಬ ವಿದುಷಿ ಸ್ವಭಾವದ ಒಂದು ಅಂಗವೆಂದೇ ಎಣಿಸಿದರು. ಹೊರಳುವ ಬುದ್ಧಿಯ ನೆರೆಮನೆ ಅದೇ. ನಾಚುವ ಮಗುವಿನಲ್ಲಿ ಅದು ಧಾರಾಳವಾಗಿರಬಹುದು. ಮನೆಯಲ್ಲಿ ಕನ್ನಡವೋ ತುಳುವೋ ಆಡಿ, ಮೆಟ್ಟಿಲಿಳಿದೊಡನೆ ಹಿಂದಿ ಕೇಳುವ ನಮ್ಮ ಮಗು, ಬಾಲವಾಡಿಯ ಹೊಸ ಟೀಚರ ಮುಂದೆ ಬಾಯಿ ಬಿಡದಿದ್ದರೆ ಅಲ್ಲಿ ಅಳೆದದ್ದು ಸಂಕೋಚವನ್ನು, ಬುದ್ಧಿಯನ್ನಲ್ಲ.

ತಿದ್ದುವ ದಾರಿಯೂ ಇದೆ. ಎಸ್ಪಿನೆಟ್, ಆಂಡರ್ಸನ್ ಮತ್ತು ಜೆಲಾಜೊ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪಿದ ಮಗುವನ್ನು ತಡೆದು, ಚೀಟಿಯಲ್ಲಿ ಬಣ್ಣವೂ ಇದೆ ಆಕಾರವೂ ಇದೆ ಎಂದು ಯೋಚಿಸುವಂತೆ ಮಾಡಿದರು. ಅಂಥ ಮಕ್ಕಳು ಮುಂದೆ ಚೆನ್ನಾಗಿ ಹೊರಳಿದರು. ಮಿದುಳಿನ ವಿದ್ಯುತ್ ಅಲೆಗಳಲ್ಲಿಯೂ ವ್ಯತ್ಯಾಸ ಕಂಡಿತು. ಹಳೆಯ ಲಗ್ನಪತ್ರಿಕೆಯ ರಟ್ಟಿನಿಂದ ಈ ಚೀಟಿಗಳನ್ನು ಮನೆಯಲ್ಲೇ ಕತ್ತರಿಸಿಕೊಳ್ಳಬಹುದು. ಮೆಲ್ಲನೆ ಒಗ್ಗುವ ಮಗುವಾದರೆ ಮೊದಲ ದಿನ ಅಕ್ಕನೋ ಅಣ್ಣನೋ ಆಡುವುದನ್ನು ಸುಮ್ಮನೆ ನೋಡಲು ಬಿಡಿ. ಚೀಟಿಗಳನ್ನು ಮರುದಿನ ಅದರ ಕೈಗೆ ಕೊಡಿ.