ಒರಟು ಕೆಲಸದ ಮಡಚುವ ಚಾಕು: ಅಲಗಿನ ಉಕ್ಕು ಮತ್ತು ಹಿಡಿಯ ಆಯ್ಕೆ

ಮಡಚುವ ಚಾಕು ನೋಡುವುದಕ್ಕೆ ಸಣ್ಣ ಸರಕು. ತಯಾರಕನಿಗೆ ಮಾತ್ರ ಸುಲಭದ ಸರಕಲ್ಲ. ಮಡಚದ ಚಾಕುವಿನಲ್ಲಿ ಅಲಗಿನ ಉಕ್ಕು ಹಿಡಿಯ ಒಳಗೂ ಮುಂದುವರಿದಿರುವುದರಿಂದ ಬಲವೆಲ್ಲ ಒಂದೇ ಲೋಹದ ಉದ್ದಕ್ಕೂ ಹರಡಿಕೊಳ್ಳುತ್ತದೆ. ಮಡಚುವ ಚಾಕುವಿನಲ್ಲಿ ಅದೇ ಬಲವು ಒಂದು ಸಣ್ಣ ತಿರುಗುಮೊಳೆಯ ಮೇಲೆ ಮತ್ತು ಅಲಗನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಡುವ ಲಾಕಿನ ಮೇಲೆ ಬೀಳುತ್ತದೆ. ಗೋಣಿಚೀಲ ಬಿಚ್ಚುವುದು, ತೆಂಗಿನ ನಾರಿನ ಹಗ್ಗ ಕತ್ತರಿಸುವುದು, ಹನಿ ನೀರಾವರಿಯ ಪೈಪು ತುಂಡರಿಸುವುದು, ಕೇಬಲ್ಲಿನ ಹೊದಿಕೆ ಸುಲಿಯುವುದು, ಪ್ಯಾಕಿಂಗ್ ಪಟ್ಟಿ ಹರಿಯುವುದು ಮೊದಲಾದ ಕೆಲಸಗಳಿಗೆ ದಿನವಿಡೀ ಬಳಕೆಯಾಗುವ ಚಾಕುವಿನ ಬಾಯಿ ಮುಕ್ಕಾದರೆ ಗಿರಾಕಿ ಬೇಸರಗೊಳ್ಳುತ್ತಾನೆ. ಲಾಕು ಅಥವಾ ಹಿಡಿ ಕೈಕೊಟ್ಟರೆ ಅವನ ಬೆರಳೇ ಹೋಗಬಹುದು. ಈ ಸರಕಿನಲ್ಲಿ ಕಚ್ಚಾವಸ್ತುವಿನ ಆಯ್ಕೆಯು ಕೇವಲ ಬೆಲೆಯ ಪ್ರಶ್ನೆಯಲ್ಲ.

ಮಾರುಕಟ್ಟೆಯಲ್ಲಿ ಚಾಕುವಿನ ಮಾತು ಸಾಮಾನ್ಯವಾಗಿ ಅಲಗಿನ ಮೇಲೆ ಕೊರೆದಿರುವ ಉಕ್ಕಿನ ಹೆಸರಿನಿಂದ ಆರಂಭವಾಗುತ್ತದೆ. ಬಹುಪಾಲು ಅಲ್ಲಿಯೇ ಮುಗಿಯುತ್ತದೆ. ಆದರೆ ಉಕ್ಕಿನ ಗುಣಗಳು ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ. ಗಡಸುತನ ಹೆಚ್ಚಿದಷ್ಟೂ ಬಾಯಿ ಮಡಚಿಕೊಳ್ಳದೆ ನಿಲ್ಲುತ್ತದೆ, ಆದರೆ ಪೆಟ್ಟು ತಾಳುವ ಶಕ್ತಿ ಕುಗ್ಗುತ್ತದೆ. ಉಕ್ಕಿನಲ್ಲಿ ಕಾರ್ಬೈಡ್ ಎಂಬ ಅತಿಗಡಸು ಕಣಗಳು ಹೆಚ್ಚಿದಷ್ಟೂ ಸವೆತ ಕಡಿಮೆಯಾಗುತ್ತದೆ, ಆದರೆ ಅವು ದಪ್ಪ ಕಣಗಳಾಗಿದ್ದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಸಾಣೆ ಹಿಡಿಯುವ ಕೆಲಸವೂ ಕಷ್ಟವಾಗುತ್ತದೆ. ಒರಟು ಬಳಕೆಯ ಚಾಕುವಿಗೆ ಮೊದಲು ಬೇಕಾದುದು ಪೆಟ್ಟು ತಾಳುವ ಗುಣ, ಬಳಿಕ ತುಕ್ಕು ತಡೆಯುವ ಗುಣ, ಆನಂತರ ದೀರ್ಘಕಾಲದ ಹರಿತ. ಜಾಹೀರಾತುಗಳು ಈ ಕ್ರಮವನ್ನು ತಲೆಕೆಳಗು ಮಾಡುವುದೇ ಹೆಚ್ಚು.

ಅಮೆರಿಕದ ಬಕ್ ಸಂಸ್ಥೆಯ 110 ಎಂಬ ಮಡಚುವ ಚಾಕುವಿನ ಇತಿಹಾಸವು ಈ ದೃಷ್ಟಿಯಿಂದ ಅಭ್ಯಾಸಯೋಗ್ಯವಾಗಿದೆ. 1960ರ ದಶಕದ ಮಧ್ಯಭಾಗದಲ್ಲಿ ಮಾರುಕಟ್ಟೆಗೆ ಬಂದು, ಬೆನ್ನಿನ ಲಾಕುಳ್ಳ ಚಾಕುಗಳಿಗೆಲ್ಲ ಮಾದರಿಯಾದ ಈ ಚಾಕುವಿನಲ್ಲಿ ಮೊದಲು 440ಸಿ ಉಕ್ಕನ್ನು ಬಳಸಲಾಗುತ್ತಿತ್ತು. ಅದರಲ್ಲಿ ಇಂಗಾಲ ಸುಮಾರು ಶೇ. 1, ಕ್ರೋಮಿಯಂ ಶೇ. 16ರಿಂದ 18. ಹರಿತ ಚೆನ್ನಾಗಿ ನಿಲ್ಲುತ್ತಿತ್ತು, ಆದರೆ ಸಾಮಾನ್ಯ ಬಳಕೆದಾರನಿಗೆ ಅದನ್ನು ಮತ್ತೆ ಮಸೆಯುವುದು ಪ್ರಯಾಸವಾಗುತ್ತಿತ್ತು. 1980ರ ದಶಕದಲ್ಲಿ ಸಂಸ್ಥೆಯು ಬೇರೆ ಉಕ್ಕಿನತ್ತ ಹೊರಳಿ, 1990ರ ದಶಕದಲ್ಲಿ 420ಎಚ್‌ಸಿ ಎಂಬ ಇನ್ನೂ ಅಗ್ಗದ ಉಕ್ಕಿಗೆ ನೆಲೆಗೊಂಡಿತು. ಇದರಲ್ಲಿ ಇಂಗಾಲ ಶೇ. ಅರ್ಧಕ್ಕಿಂತ ಕಡಿಮೆ. ಕಾಗದದ ಮೇಲೆ ಇದು ಹಿಂಬಡ್ತಿ. ಆದರೆ ಪಾಲ್ ಬಾಸ್ ಎಂಬ ಉಷ್ಣೋಪಚಾರ ತಜ್ಞರ ವಿಧಾನದಿಂದ ಈ ಉಕ್ಕನ್ನು ರಾಕ್‌ವೆಲ್ ಸಿ 58ರ ಆಸುಪಾಸಿನ ಗಡಸುತನಕ್ಕೆ ತರಲಾಯಿತು. ಚಾಕುವಿನ ಬೇಡಿಕೆ ಕುಗ್ಗಲಿಲ್ಲ. ಹೆಸರಿಲ್ಲದ ಉಕ್ಕಿಗೆ ಒಳ್ಳೆಯ ಹದ ಸಿಕ್ಕಿದರೆ, ಹೆಸರುಳ್ಳ ಉಕ್ಕಿಗೆ ಕೆಟ್ಟ ಹದ ಸಿಕ್ಕಿದ್ದಕ್ಕಿಂತ ಲೇಸು ಎಂಬುದನ್ನು ಹಳ್ಳಿಯ ಕಮ್ಮಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದೊರೆಯುವ ಉಕ್ಕುಗಳು

ನಮ್ಮ ಸಣ್ಣ ಕೈಗಾರಿಕೆಗಳಿಗೆ ಸುಲಭವಾಗಿ ಕೈಗೆಟಕುವ ಉಕ್ಕುಗಳಲ್ಲಿ ಮೊದಲನೆಯದು ಇಎನ್ 31. ಇದು ಬೇರಿಂಗ್ ಉಕ್ಕು. ಅಮೆರಿಕದ 52100ಕ್ಕೆ ಸಮಾನ. ಇಂಗಾಲ ಸುಮಾರು ಶೇ. 1, ಕ್ರೋಮಿಯಂ ಶೇ. 1.5ರಷ್ಟು. ಕಾರ್ಬೈಡ್ ಕಣಗಳು ಅತಿ ಸಣ್ಣವಾದುದರಿಂದ ಬಾಯಿಯನ್ನು ತೆಳುವಾಗಿ ತೆಗೆದರೂ ಸುಲಭವಾಗಿ ಮುಕ್ಕಾಗದು. ಇದರ ದೋಷವೆಂದರೆ ತುಕ್ಕು. ಹಸಿ ಅಡಿಕೆ, ಬಾಳೆಕಾಯಿ ಕೊಯ್ದರೆ ಅವುಗಳ ಒಗರಿನಲ್ಲಿರುವ ಟ್ಯಾನಿನ್ ತಗುಲಿ ಅಲಗು ಕಪ್ಪಾಗುತ್ತದೆ. ಕಪ್ಪಾಗುವುದು ಹಾನಿಯಲ್ಲವೆಂದು ತೋಟದವರು ಬಲ್ಲರು, ಅಂಗಡಿಯಲ್ಲಿ ಕೊಳ್ಳುವ ಪಟ್ಟಣದ ಗಿರಾಕಿ ಬಲ್ಲವನಲ್ಲ. ಮಂಗಳೂರು, ಕಾರವಾರದಂತಹ ಕರಾವಳಿ ಪೇಟೆಗೆ ಕಳುಹಿಸುವ ಸರಕಿನಲ್ಲಿ ಇಎನ್ 31 ಬಳಸದಿರುವುದೇ ಕ್ಷೇಮ.

ಎರಡನೆಯದು ಡಿ2. ಪೇಟೆಯಲ್ಲಿ ಎಚ್‌ಸಿಎಚ್‌ಸಿಆರ್ ಎಂದು ಕೇಳಿದರೆ ಸಿಗುವುದೂ ಈ ವರ್ಗದ ಉಕ್ಕೇ. ಡೈ ತಯಾರಿಕೆಗೆಂದು ಬಂದ ಇದರಲ್ಲಿ ಇಂಗಾಲ ಸುಮಾರು ಶೇ. 1.5, ಕ್ರೋಮಿಯಂ ಶೇ. 12. ಕ್ರೋಮಿಯಂ ಅಂಕಿಯನ್ನು ನೋಡಿ ಇದನ್ನು ಸ್ಟೇನ್‌ಲೆಸ್ ಎಂದು ಭಾವಿಸುವವರುಂಟು. ಆದರೆ ಹೆಚ್ಚಿನ ಇಂಗಾಲವು ಕ್ರೋಮಿಯಂನ ದೊಡ್ಡ ಪಾಲನ್ನು ಕಾರ್ಬೈಡ್ ರೂಪದಲ್ಲಿ ಕಟ್ಟಿಹಾಕುತ್ತದೆ. ತುಕ್ಕನ್ನು ತಡೆಯಲು ಲೋಹದಲ್ಲಿ ಕರಗಿ ಉಳಿಯುವ ಭಾಗ ಸಾಲದಾಗುತ್ತದೆ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ, ಅಮೆರಿಕದ ಲೋಹಶಾಸ್ತ್ರಜ್ಞ ಲ್ಯಾರಿನ್ ಥಾಮಸ್ ರೂಪಿಸಿ 2021ರಲ್ಲಿ ಬಿಡುಗಡೆಯಾದ ಮ್ಯಾಗ್ನಾಕಟ್. ಅದರಲ್ಲಿ ಕ್ರೋಮಿಯಂ ಶೇ. 11ಕ್ಕೂ ಕಡಿಮೆ, ಆದರೂ ಅದು ಡಿ2ಗಿಂತ ಬಹಳ ಚೆನ್ನಾಗಿ ತುಕ್ಕನ್ನು ತಡೆಯುತ್ತದೆ. ಅಲ್ಲಿ ಇಂಗಾಲವನ್ನು ಕಟ್ಟಿಹಾಕುವ ಕೆಲಸ ವನೇಡಿಯಂ ಮತ್ತು ನಯೋಬಿಯಂಗಳದ್ದು. ಕ್ರೋಮಿಯಂ ಬಿಡುವಾಗಿ ಉಳಿಯುತ್ತದೆ. ಉಕ್ಕಿನ ಪಟ್ಟಿಯಲ್ಲಿ ಒಂದೇ ಅಂಕಣವನ್ನು ನೋಡಿ ನಿರ್ಧರಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಗ್ಗ, ರಟ್ಟು, ರಬ್ಬರು ಕತ್ತರಿಸುವುದೇ ಮುಖ್ಯ ಕೆಲಸವಾಗಿದ್ದರೆ ಡಿ2 ಉತ್ತಮ; ಮೊಳೆ, ತಂತಿ, ಗಂಟುಮರ ಎದುರಾಗುವ ಕಡೆ ಇದರ ದಪ್ಪ ಕಾರ್ಬೈಡ್‌ಗಳಿಂದ ಬಾಯಿ ಉದುರುವ ಸಂಭವ ಹೆಚ್ಚು.

ಸ್ವೀಡನ್ನಿನಿಂದ ಬರುವ 14ಸಿ28ಎನ್ ಎಂಬ ಉಕ್ಕು ಒರಟು ಕೆಲಸದ ಮಡಚುವ ಚಾಕುವಿಗೆ ಬಹುಶಃ ಅತ್ಯಂತ ಸಮತೂಕದ ಆಯ್ಕೆ. ಇಂಗಾಲ ಶೇ. 0.62, ಕ್ರೋಮಿಯಂ ಶೇ. 14, ಜೊತೆಗೆ ಅತ್ಯಲ್ಪ ಸಾರಜನಕ. ಕಣರಚನೆ ಸೂಕ್ಷ್ಮವಾದುದರಿಂದ ಪೆಟ್ಟು ತಾಳುತ್ತದೆ; ತುಕ್ಕು ಹಿಡಿಯುವುದು ವಿರಳ; ಸಾಧಾರಣ ಸಾಣೆಕಲ್ಲಿನಲ್ಲೇ ಮತ್ತೆ ಹರಿತವಾಗುತ್ತದೆ. ಎಸ್30ವಿ, ಮ್ಯಾಗ್ನಾಕಟ್ ಮುಂತಾದ ಪುಡಿಲೋಹದ ಉಕ್ಕುಗಳು ಗುಣದಲ್ಲಿ ಮೇಲಾದರೂ, ಬೆಲೆ ಹಾಗೂ ಪೂರೈಕೆ ಎರಡೂ ತೊಡಕಿನವು. ಇವುಗಳ ಹೆಸರಿನೊಡನೆ ಬೆಸೆದುಕೊಂಡಿದ್ದ ಅಮೆರಿಕದ ಕ್ರೂಸಿಬಲ್ ಸಂಸ್ಥೆಯು 2024ರ ಡಿಸೆಂಬರ್‌ನಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋದಾಗ, ಒಂದೇ ಕಾರ್ಖಾನೆಯ ಉಕ್ಕನ್ನು ನೆಚ್ಚಿ ಮಾದರಿ ರೂಪಿಸುವುದು ಎಂತಹ ಅಪಾಯವೆಂಬುದು ದೊಡ್ಡ ತಯಾರಕರಿಗೂ ಮನವರಿಕೆಯಾಯಿತು.

ಹದದ ಪ್ರಶ್ನೆ

ಇಷ್ಟೆಲ್ಲ ಆಯ್ಕೆಯ ನಂತರವೂ ಚಾಕುವಿನ ಭವಿಷ್ಯ ನಿಂತಿರುವುದು ಉಷ್ಣೋಪಚಾರದ ಕುಲುಮೆಯಲ್ಲಿ. ಸ್ವಂತ ಕುಲುಮೆಯಿಲ್ಲದ ಸಣ್ಣ ತಯಾರಕನು ಜಾಬ್‌ವರ್ಕ್ ಘಟಕಕ್ಕೆ ಅಲಗುಗಳನ್ನು ಕಳುಹಿಸುತ್ತಾನೆ. ಅಲ್ಲಿ ನಡೆಯುವ ಹಾನಿಯಲ್ಲಿ ಹೆಚ್ಚಿನದು ಅಜ್ಞಾನದಿಂದಲ್ಲ, ಅನುಕೂಲಕ್ಕಾಗಿ ಆಗುವಂಥದು. ಇಎನ್ 31 ಸುಮಾರು 800ರಿಂದ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾದು ಎಣ್ಣೆಯಲ್ಲಿ ತಣಿಯಬೇಕು. ಡಿ2ಗೆ ಸುಮಾರು 1010ರಿಂದ 1040 ಡಿಗ್ರಿ ಬೇಕು. 14ಸಿ28ಎನ್‌ಗೆ ಅದಕ್ಕೂ ಮೇಲೆ, 1050ರಿಂದ 1090ರ ನಡುವೆ. ಘಟಕದಲ್ಲಿ ಅಂದು ಡಿ2 ಡೈಗಳು ಕಾಯುತ್ತಿದ್ದರೆ, ಅದೇ ಕುಲುಮೆಯ ಮೂಲೆಯಲ್ಲಿ ಸ್ಟೇನ್‌ಲೆಸ್ ಅಲಗುಗಳ ತಟ್ಟೆಯನ್ನೂ ಇಟ್ಟುಬಿಡುವುದುಂಟು. ಆಗ ಕಾರ್ಬೈಡ್‌ಗಳು ಸಾಕಷ್ಟು ಕರಗದೆ ಅಲಗು ಮೆದುವಾಗಿ ಉಳಿಯುತ್ತದೆ, ತುಕ್ಕು ತಡೆಯುವ ಶಕ್ತಿಯೂ ತಗ್ಗುತ್ತದೆ. ಡಿ2 ಅಲಗುಗಳನ್ನೇ ಡಿ2 ಡೈಗಳೊಡನೆ ಇಟ್ಟರೂ ಕೆಡುಕು ತಪ್ಪದು. ದಪ್ಪ ಡೈಗೆ ಒಳಗಿನವರೆಗೆ ಕಾಯಲು ಬೇಕಾದ ಕಾಲ ದೀರ್ಘ. 3 ಮಿಲಿಮೀಟರ್ ಅಲಗಿಗೆ ಬೇಕಾದ ಕಾಲ ಕೆಲವೇ ನಿಮಿಷ. ಅತಿಯಾಗಿ ಕಾದ ಅಲಗಿನಲ್ಲಿ ಕಣಗಳು ದೊಡ್ಡವಾಗಿ ಅದು ಗಾಜಿನಂತೆ ಬಿರುಸಾಗುತ್ತದೆ. ಅಲಗುಗಳನ್ನು ಪ್ರತ್ಯೇಕ ಹೊರೆಯಾಗಿಯೇ ಕಾಯಿಸಬೇಕೆಂದು ಕಾರ್ಯಾದೇಶದಲ್ಲಿ ಬರೆದುಕೊಡುವುದು, ಅದಕ್ಕೆ ತಗಲುವ ಹೆಚ್ಚುವರಿ ದರವನ್ನು ಮೊದಲೇ ಒಪ್ಪಿಕೊಳ್ಳುವುದು ಲಾಭದಾಯಕ.

ಗಾಳಿಯಾಡುವ ಕುಲುಮೆಯಲ್ಲಿ ಮೇಲ್ಪದರದ ಇಂಗಾಲ ಸುಟ್ಟುಹೋಗುತ್ತದೆ. ಬಾಯಿಯನ್ನು ಮೊದಲೇ ತೆಳುವಾಗಿ ಉಜ್ಜಿಟ್ಟಿದ್ದರೆ ಆ ಮೆತ್ತನೆಯ ಪದರವೇ ಬಾಯಿಯಾಗಿ ಉಳಿಯುತ್ತದೆ. ಆದ್ದರಿಂದ ಕುಲುಮೆಗೆ ಹೋಗುವ ಅಲಗಿನ ಬಾಯಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ದಪ್ಪವಿದ್ದು, ಉಳಿದ ಉಜ್ಜುವಿಕೆ ಹದವಾದ ಮೇಲೆ ನಡೆಯಬೇಕು. ಸಾಧ್ಯವಾದರೆ ನಿರ್ವಾತ ಕುಲುಮೆಯನ್ನೇ ಆರಿಸಬೇಕು. ತಣಿಸಿದ ನಂತರ ಮೈನಸ್ 70 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಶೀತಲೀಕರಿಸಿದರೆ ಸ್ಟೇನ್‌ಲೆಸ್ ಅಲಗುಗಳಲ್ಲಿ ಗಡಸುತನದ ಒಂದೆರಡು ಅಂಕ ಹೆಚ್ಚಾಗಿ ದೊರೆಯುತ್ತದೆ.

ಹದಗೊಂಡ ಅಲಗನ್ನು ಉಜ್ಜುವಾಗ ಮತ್ತೊಂದು ಗಂಡಾಂತರವಿದೆ. ಇಎನ್ 31ರಂತಹ ಉಕ್ಕಿನಲ್ಲಿ ಬಾಯಿಯ ತುದಿ ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗಿದರೆ ಅಲ್ಲಿ 220 ಡಿಗ್ರಿಯ ಆಸುಪಾಸು ಕಾವು ತಗುಲಿದೆ ಎಂದರ್ಥ. ನೀಲಿಯಾದರೆ 300ರ ಹತ್ತಿರ. ಆ ಬಣ್ಣವನ್ನು ಪಾಲಿಶ್ ಮಾಡಿ ಅಳಿಸಬಹುದು, ಕಳೆದುಹೋದ ಗಡಸುತನವನ್ನು ಮರಳಿ ತರಲಾಗದು. ಬರಿಗೈಯಲ್ಲಿ ಅಲಗನ್ನು ಹಿಡಿದು ಉಜ್ಜುವ, ಬೆರಳಿಗೆ ಬಿಸಿ ತಾಗಿದೊಡನೆ ನೀರಿಗೆ ಅದ್ದುವ ಹಳೆಯ ಕೆಲಸಗಾರರ ಅಭ್ಯಾಸವೇ ಇಲ್ಲಿ ಉತ್ತಮ ಮಾಪಕ. ಗಡಸುತನದ ಪರೀಕ್ಷೆಯನ್ನು ತಿರುಗುಮೊಳೆಯ ಬಳಿ, ಮೇಲ್ಪದರವನ್ನು ಉಜ್ಜಿ ತೆಗೆದ ಸಪಾಟು ಜಾಗದಲ್ಲಿ ಮಾಡಿಸಬೇಕು. ಪ್ರತಿ ಹೊರೆಯಿಂದ ತಟ್ಟೆಯ ನಡುವಿನದೊಂದು, ಅಂಚಿನದೊಂದು ಅಲಗನ್ನು ತೆಗೆದು ನೋಡುವುದು ಒಳಿತು. ಒರಟು ಕೆಲಸಕ್ಕೆ ಸ್ಟೇನ್‌ಲೆಸ್ ಅಲಗಿಗೆ 57ರಿಂದ 59, ಇಎನ್ 31 ಮತ್ತು ಡಿ2ಗೆ 59ರಿಂದ 60 ಸಾಕು. 62 ಎಂದು ಕೊರೆಸಿ ಮಾರುವ ಆಸೆ ಸಾಣೆಯವನಿಗೂ ಹಿತವಲ್ಲ, ಗಿರಾಕಿಗೂ ಹಿತವಲ್ಲ.

ಹಿಡಿಯ ಸಾಮಗ್ರಿ

ಹಿಡಿಗೆ ಮರವೇ ಚೆಲುವು. 1890ರಿಂದ ನಡೆದುಬಂದಿರುವ ಫ್ರಾನ್ಸಿನ ಒಪಿನೆಲ್ ಚಾಕುಗಳ ಹಿಡಿ ಇಂದಿಗೂ ಪ್ರಧಾನವಾಗಿ ಬೀಚ್ ಮರದ್ದು. ಒದ್ದೆಯಾದರೆ ಆ ಮರ ಉಬ್ಬಿ ಅಲಗನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ ಎಂಬುದು ಬಳಕೆದಾರರೆಲ್ಲ ಬಲ್ಲ ಸಂಗತಿ. ಯೂರೋಪಿನ ಮಳೆಯಲ್ಲೇ ಹೀಗಾದರೆ ಆಷಾಢದ ಆಗುಂಬೆಯಲ್ಲಿ ಏನಾದೀತು! ಒಂದೇ ಚಾಕು ಜುಲೈನಲ್ಲಿ ಮಲೆನಾಡಿನಲ್ಲೂ ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೂ ತೆರೆದು ಮುಚ್ಚಬೇಕಾದ ನಮ್ಮ ಮಾರುಕಟ್ಟೆಗೆ ಮರ ಬೇಕೆಂದಾದರೆ, ಒಳಗೆ ಉಕ್ಕಿನ ಪಟ್ಟಿಗಳನ್ನು ಕೊಟ್ಟು ಮರವನ್ನು ಹೊರ ಹೊದಿಕೆಯಾಗಿ ಮಾತ್ರ ಕೂರಿಸುವುದು ಯೋಗ್ಯ. ಆಗ ಮರ ಉಬ್ಬಿದರೂ ಅಲಗಿನ ಚಲನೆಗೆ ಅಡ್ಡಿಯಾಗದು. ಉತ್ತರ ಕರ್ನಾಟಕದಲ್ಲಿ ಸಲಕರಣೆಗಳ ಹಿಡಿಗೆ ಬಳಸುವ ಕರಿಜಾಲಿ ಗಟ್ಟಿಯಾದ, ಅಗ್ಗದ ಮರ. ಬೀಟೆ ನೋಟಕ್ಕೆ ಸುಂದರ, ಕಾಗದಪತ್ರಕ್ಕೆ ಭಾರ. ಅರಣ್ಯ ಇಲಾಖೆಯ ನಿಯಮಗಳ ಜೊತೆಗೆ, ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಬಹುತೇಕ ಎಲ್ಲ ಮರಗಳೂ 2017ರ ಜನವರಿಯಿಂದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ರಫ್ತು ಮಾಡುವವರು ಆದೇಶ ಒಪ್ಪಿಕೊಳ್ಳುವ ಮುನ್ನವೇ ದಾಖಲೆಗಳನ್ನು ವಿಚಾರಿಸಿಕೊಳ್ಳಬೇಕು. ಕಡವೆ, ಜಿಂಕೆಗಳ ಕೊಂಬಿನ ಮಾತನ್ನೇ ಆಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದು ಅಪರಾಧ. ಎಮ್ಮೆಯ ಕೊಂಬು ಬಳಸಬಹುದಾದರೂ ಬಿಸಿಲಿಗೆ ಸೀಳುತ್ತದೆ.

ಒರಟು ಕೆಲಸಕ್ಕೆ ನಿಜವಾಗಿ ಒದಗುವುದು ಬಟ್ಟೆ ಮತ್ತು ಫೀನಾಲಿಕ್ ರಾಳದ ಪದರಹಲಗೆ. ಹೊರದೇಶಗಳಲ್ಲಿ ಮೈಕಾರ್ಟಾ ಎಂಬ ಹೆಸರಿನಿಂದ ಇದಕ್ಕೆ ದೊಡ್ಡ ಬೆಲೆಯುಂಟು. ನಮ್ಮಲ್ಲಿ ವಿದ್ಯುತ್ ಫಲಕ, ಬುಷ್ ಮುಂತಾದವುಗಳಿಗಾಗಿ ಹೈಲಮ್ ಶೀಟ್ ಎಂದು ಕೇಳಿ ಕೊಳ್ಳುವುದು ಇದೇ ಜಾತಿಯ ವಸ್ತು. ಕೊಳ್ಳುವಾಗ ಕಾಗದದ ಪದರದ್ದಲ್ಲ, ಹತ್ತಿ ಬಟ್ಟೆಯ ಪದರದ್ದೇ ಬೇಕೆಂದು ಕೇಳಬೇಕು. ಮೇಲ್ಮೈಯನ್ನು ಹೊಳಪಿಸದೆ ಒರಟಾಗಿ ಬಿಟ್ಟರೆ ಬೆವರು, ಎಣ್ಣೆ ತಾಗಿದ ಕೈಯಲ್ಲೂ ಜಾರುವುದು ಕಡಿಮೆ. ಗಾಜಿನೆಳೆ ಮತ್ತು ಎಪಾಕ್ಸಿಯ ಜಿ10 ಇದಕ್ಕಿಂತ ಗಟ್ಟಿ, ನೀರು ಹೀರುವುದು ಅತ್ಯಲ್ಪ. ಆದರೆ ಕತ್ತರಿಸುವಾಗ ಏಳುವ ಗಾಜಿನ ದೂಳು ಶ್ವಾಸಕೋಶಕ್ಕೆ ಅಪಾಯಕಾರಿ. ನೀರು ಹಾಯಿಸಿ ಉಜ್ಜುವ, ದೂಳು ಹೀರುವ ಮತ್ತು ಕೆಲಸಗಾರರಿಗೆ ತಕ್ಕ ಮುಖಗವಸು ಕೊಡುವ ವ್ಯವಸ್ಥೆಯಿಲ್ಲದ ಘಟಕವು ಜಿ10ರ ಗೊಡವೆಗೆ ಹೋಗಬಾರದು. ಗಾಜಿನೆಳೆ ಬೆರೆಸಿದ ನೈಲಾನ್ ಬಿಡಿ ಲೆಕ್ಕದಲ್ಲಿ ಅಗ್ಗ, ಅಚ್ಚಿನ ಖರ್ಚಿನಲ್ಲಿ ದುಬಾರಿ. ಸಾವಿರಾರು ಚಾಕುಗಳ ಖಚಿತ ಬೇಡಿಕೆಯಿದ್ದರೆ ಮಾತ್ರ ಅದು ಗಿಟ್ಟುತ್ತದೆ. ಅಲ್ಯೂಮಿನಿಯಂ ಹಗುರವಾದರೂ ಉಪ್ಪುಗಾಳಿಯಲ್ಲಿ ಸ್ಟೇನ್‌ಲೆಸ್ ತಿರುಪಿನ ಸುತ್ತ ಕೊರೆಯುತ್ತದೆ.

ಹಿಡಿಯನ್ನು ರಿವೆಟ್ಟಿನಿಂದ ಬಡಿಯುವುದೋ ತಿರುಪಿನಿಂದ ಬಿಗಿಯುವುದೋ ಎಂಬ ಪ್ರಶ್ನೆಯೂ ಉಳಿಯುತ್ತದೆ. ರಿವೆಟ್ಟು ಅಗ್ಗ, ಸಡಿಲವಾಗುವುದು ನಿಧಾನ. ಆದರೆ ಒರಟು ಕೆಲಸದ ಚಾಕುವಿನ ಸಂದಿಗಳಲ್ಲಿ ಮರಳು, ನಾರು, ಅಂಟು ಸೇರುವುದು ಖಂಡಿತ. ಮರಳು ಸೇರಿದ ಲಾಕು ಪೂರ್ತಿ ಕೂರುವುದಿಲ್ಲ. ಪೂರ್ತಿ ಕೂರದ ಲಾಕು ಒತ್ತಡ ಬಿದ್ದಾಗ ಜಾರುತ್ತದೆ. ಬಳಕೆದಾರನು ತಾನೇ ಬಿಚ್ಚಿ ತೊಳೆಯಬಲ್ಲ ತಿರುಪುಗಳು, ತಿರುಗುಮೊಳೆಯ ಎರಡೂ ಬದಿಗೆ ಫಾಸ್ಫರ್ ಬ್ರಾಂಜ್ ವಾಷರುಗಳು, ಮತ್ತು ಪೊಟ್ಟಣದಲ್ಲಿ ಎರಡು ಹೆಚ್ಚುವರಿ ತಿರುಪು: ಇವಿಷ್ಟರ ಖರ್ಚು ಚಾಕುವಿನ ಬೆಲೆಯಲ್ಲಿ ಅಲ್ಪ ಭಾಗ. ತಿರುಪುಗಳಿಗೆ ಅಪರೂಪದ ಅಳತೆಯನ್ನು ಆರಿಸದೆ, ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಎಂ3 ಅಳತೆಯದನ್ನೇ ಬಳಸಬೇಕು.