ಸೂತ್ರ ಮೊದಲು ತಿರುಗಿಸಿ, ಅಂಕಿ ಆಮೇಲೆ
ಕಡೂರು, ತರೀಕೆರೆ, ಅಜ್ಜಂಪುರದ ಹೈಸ್ಕೂಲು ಮಕ್ಕಳೇ, ನಿಮ್ಮ ಮೂರೂ ಊರಲ್ಲಿ ರೈಲು ನಿಲ್ದಾಣವಿದೆ. ಲೆಕ್ಕ ಕಲಿಯಲು ಅಷ್ಟು ಸಾಕು. ಕಡೂರಲ್ಲಿ ನಿಂತಿದ್ದ ರೈಲು ಹೊರಟು, 100 ಸೆಕೆಂಡಿನಲ್ಲಿ ಗಂಟೆಗೆ 72 ಕಿ.ಮೀ. ವೇಗ ಮುಟ್ಟಿತು ಅನ್ನಿ. ‘ವಿ = ಯು + ಎಟಿ’ಯಲ್ಲಿ (ವಿ ಕೊನೆಯ ವೇಗ, ಯು ಮೊದಲ ವೇಗ, ಎ ವೇಗೋತ್ಕರ್ಷ, ಟಿ ಸಮಯ) ಯುವನ್ನು ಆಚೆ ದಾಟಿಸಿ, ಟಿಯಿಂದ ಭಾಗಿಸಿ, ಎ ಒಂದೇ ಉಳಿಯಲಿ. ಅಂಕಿ ಹಾಕುವ ಮುನ್ನ 72ನ್ನು 3.6ರಿಂದ ಭಾಗಿಸಿ: ಸೆಕೆಂಡಿಗೆ 20 ಮೀಟರ್. (ಅಂಕ ಸೋರಿಹೋಗುವುದು ಇಲ್ಲೇ!) ಸರಾಸರಿ ವೇಗೋತ್ಕರ್ಷ 0.2 ಮೀ./ಸೆ.².

ಗಡಿಯಾರ ನೋಡಲಿಲ್ಲವೇ? ಹಳಿ ಪಕ್ಕದ ಕಿಲೋಮೀಟರ್ ಗುರುತು ನೋಡಿ. 1,000 ಮೀಟರಿಗೆ ಆ ವೇಗ ಬಂದಿದ್ದರೆ, ವೇಗದ ವರ್ಗ 400ನ್ನು ದೂರದ ಎರಡರಷ್ಟಾದ 2,000ದಿಂದ ಭಾಗಿಸಿ. ಮತ್ತೆ 0.2. ಆದರೆ ಈ ಎರಡನೇ ದಾರಿ ವೇಗ ಒಂದೇ ಸಮನೆ ಏರಿದಾಗ ಮಾತ್ರ ನಂಬಿಕಸ್ಥ; ಮೊದಲನೆಯದಕ್ಕೆ ಆ ಹಂಗಿಲ್ಲ.